ಮೇರಿ ಡೈಯರ್: ಅಂತಃಸಾಕ್ಷಿಗಾಗಿ ಪ್ರಾಣವಿತ್ತ ಕ್ವೇಕರ್ ಮಹಿಳೆ

ಅಮೆರಿಕದ ಇತಿಹಾಸವನ್ನು ಬೋಧಿಸುವಾಗ ಶಿಕ್ಷಕರಾದ ನಾವು ತಪ್ಪದೆ ಹೇಳುವ ಮಾತೊಂದುಂಟು. ಸ್ವದೇಶದಲ್ಲಿ ಧರ್ಮದ ಕಾರಣವಾಗಿ ಪೀಡೆಗೊಳಗಾದ ಇಂಗ್ಲಿಷ್ ಜನರು ಅಟ್ಲಾಂಟಿಕ್ ಸಾಗರವನ್ನು ದಾಟಿ, ತಮ್ಮ ಮನಸ್ಸಿಗೊಪ್ಪಿದ ರೀತಿಯಲ್ಲಿ ದೇವರನ್ನು ಆರಾಧಿಸುವ ಸ್ವಾತಂತ್ರ್ಯವನ್ನು ಹೊಸ ನಾಡಿನಲ್ಲಿ ಪಡೆದರು ಎಂಬುದೇ ಆ ಮಾತು. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅದರ ಬೆನ್ನಿಗೇ ಹೇಳಬೇಕಾದ ಇನ್ನೊಂದು ಮಾತನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಹಾಗೆ ಸ್ವಾತಂತ್ರ್ಯವನ್ನು ಪಡೆದ ಜನರೇ ಸುಮಾರು ಮೂವತ್ತು ವರ್ಷಗಳ ಅನಂತರ, ತಮಗಿಂತ ಬೇರೆಯಾಗಿ ಆರಾಧಿಸಿದ ನಾಲ್ವರನ್ನು ಬಾಸ್ಟನ್ ನಗರದಲ್ಲಿ ನೇಣಿಗೆ ಹಾಕಿದರು. ಆ ನಾಲ್ವರಲ್ಲಿ ಒಬ್ಬಳು ಆರು ಮಕ್ಕಳ ತಾಯಿ. ಆಕೆಯ ಹೆಸರು ಮೇರಿ ಡೈಯರ್. ಆಕೆಯ ಬಾಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೊಸ ನಾಡಿನಲ್ಲಿ ಪ್ಯೂರಿಟನ್ನರು

ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ರಾಜಮಾನ್ಯ ಚರ್ಚಿನ ಆಡಂಬರವನ್ನು ವಿರೋಧಿಸಿ, ಧರ್ಮವನ್ನು ಶುದ್ಧಗೊಳಿಸಬೇಕೆಂದು ಬಯಸಿದವರು ಪ್ಯೂರಿಟನ್ನರು. ಆರ್ಚ್‌ಬಿಷಪ್ ಲಾಡ್‌ನ ಕಾಲದಲ್ಲಿ ಇವರ ಮೇಲಿನ ಒತ್ತಡ ಹೆಚ್ಚಿತು. 1630ರಲ್ಲಿ ಜಾನ್ ವಿಂತ್ರಾಪ್ ಎಂಬಾತನ ನಾಯಕತ್ವದಲ್ಲಿ ಹಡಗುಗಳ ಒಂದು ದೊಡ್ಡ ತಂಡ ಹೊರಟು ಮ್ಯಾಸಚೂಸೆಟ್ಸ್ ಕೊಲ್ಲಿಯನ್ನು ಸೇರಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20,000 ಜನರು ಆ ಭಾಗಕ್ಕೆ ವಲಸೆ ಹೋದರೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ.

ಇವರು ಕಟ್ಟಿಕೊಂಡ ಸಮಾಜದ ಸ್ವರೂಪವನ್ನು ತಿಳಿಯದೆ ಮುಂದಿನ ಘಟನೆಗಳು ಅರ್ಥವಾಗವು. ತಾವು ದೇವರೊಡನೆ ಒಂದು ಒಡಂಬಡಿಕೆ ಮಾಡಿಕೊಂಡು ಬಂದಿದ್ದೇವೆ, ಆತನ ಆಜ್ಞೆಗೆ ತಪ್ಪಿದರೆ ಇಡೀ ವಸಾಹತು ಆತನ ಕೋಪಕ್ಕೆ ಗುರಿಯಾಗುತ್ತದೆ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಒಬ್ಬನ ತಪ್ಪು ನಂಬಿಕೆ ಅವರ ದೃಷ್ಟಿಯಲ್ಲಿ ಅವನೊಬ್ಬನ ಸಂಗತಿಯಾಗಿರಲಿಲ್ಲ. ಊರಿಗೆಲ್ಲ ತಗಲುವ ಬೆಂಕಿಯಾಗಿತ್ತು. ಚರ್ಚಿನ ಸದಸ್ಯರಿಗೆ ಮಾತ್ರ ಮತದಾನದ ಹಕ್ಕನ್ನು ಕೊಡಲಾಗಿತ್ತು. ಶ್ರಮಜೀವಿಗಳೂ ವಿದ್ಯಾಪಕ್ಷಪಾತಿಗಳೂ ಆಗಿದ್ದ ಈ ಜನರು ನೆಲೆಯೂರಿದ ಆರೇ ವರ್ಷಗಳಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಅದೇ ಇಂದಿನ ಹಾರ್ವರ್ಡ್ ವಿಶ್ವವಿದ್ಯಾನಿಲಯ. ಇಂಥ ಸುಶಿಕ್ಷಿತರೂ ಸದಾಚಾರಿಗಳೂ ಮುಂದೆ ಎಸಗಿದ ಕಾರ್ಯವನ್ನು ನೋಡುವಾಗ ಅವರನ್ನು ಕೇವಲ ದುಷ್ಟರೆಂದು ತಳ್ಳಿಹಾಕಿದರೆ ಇತಿಹಾಸದ ಪಾಠವೇ ನಮ್ಮ ಕೈತಪ್ಪುತ್ತದೆ.

ಕೈ ಹಿಡಿದು ಹೊರನಡೆದವಳು

ಮೇರಿಯ ಹುಟ್ಟುಹೆಸರು ಮೇರಿ ಬ್ಯಾರೆಟ್. 1633ರ ಅಕ್ಟೋಬರ್ 27ರಂದು ಲಂಡನ್ನಿನಲ್ಲಿ ಆಕೆ ವಿಲಿಯಂ ಡೈಯರ್ ಎಂಬ ವ್ಯಾಪಾರಿಯನ್ನು ವಿವಾಹವಾದಳು. ದಂಪತಿಗಳು ಸಾಗರ ದಾಟಿ ಬಾಸ್ಟನ್ನಿಗೆ ಬಂದು, 1635ರ ಡಿಸೆಂಬರಿನಲ್ಲಿ ಅಲ್ಲಿಯ ಚರ್ಚಿನ ಸದಸ್ಯರಾದರು. ಸಾಮಾನ್ಯ ಹೆಣ್ಣುಮಕ್ಕಳಿಗೆ ಬರವಣಿಗೆ ಅಪರೂಪವಾಗಿದ್ದ ಆ ಕಾಲದಲ್ಲಿ ಮೇರಿ ಚೆನ್ನಾಗಿ ಓದುಬರಹ ಬಲ್ಲವಳಾಗಿದ್ದಳು. ಮುಂದೆ ಆಕೆಯನ್ನು ಕಟುವಾಗಿ ವಿರೋಧಿಸಿದ ವಿಂತ್ರಾಪನೇ ಆಕೆಯ ರೂಪವನ್ನೂ ನಡತೆಯನ್ನೂ ಮೆಚ್ಚಿ ಬರೆದಿದ್ದಾನೆ.

ಆ ವೇಳೆಗೆ ಬಾಸ್ಟನ್ನಿನಲ್ಲಿ ಆನ್ ಹಚಿನ್ಸನ್ ಎಂಬ ಪ್ರತಿಭಾವಂತ ಮಹಿಳೆ ತನ್ನ ಮನೆಯಲ್ಲಿ ಸಭೆ ಸೇರಿಸಿ, ಬೋಧಕರ ಪ್ರವಚನಗಳನ್ನು ಕುರಿತು ಚರ್ಚಿಸುತ್ತಿದ್ದಳು. ಹೊರಗಿನ ಸದಾಚಾರವು ಮುಕ್ತಿಗೆ ಸಾಕ್ಷಿಯಲ್ಲ, ದೇವರ ಕೃಪೆ ಮನುಷ್ಯನ ಅಂತರಂಗಕ್ಕೆ ನೇರವಾಗಿ ದೊರೆಯುತ್ತದೆ ಎಂಬುದು ಆಕೆಯ ವಾದದ ಸಾರ. ಬೋಧಕರ ಅಧಿಕಾರಕ್ಕೆ ಇದು ನೇರವಾದ ಸವಾಲಾಗಿತ್ತು. ಡೈಯರ್ ದಂಪತಿಗಳು ಆನ್‌ಳ ಪಕ್ಷವನ್ನು ಹಿಡಿದರು. ಆಕೆಯ ಪಕ್ಷದ ಬೋಧಕನೊಬ್ಬನ ಪರವಾಗಿ ಮನವಿಗೆ ಸಹಿ ಹಾಕಿದ ವಿಲಿಯಂ 1637ರ ನವೆಂಬರಿನಲ್ಲಿ ಮತದಾನದ ಹಕ್ಕನ್ನೂ ಆಯುಧಗಳನ್ನಿಟ್ಟುಕೊಳ್ಳುವ ಹಕ್ಕನ್ನೂ ಕಳೆದುಕೊಂಡನು.

1638ರ ಮಾರ್ಚ್ 22ರಂದು ಆನ್‌ಳನ್ನು ಚರ್ಚಿನಿಂದ ಬಹಿಷ್ಕರಿಸಲಾಯಿತು. ತುಂಬಿದ ಸಭೆಯಲ್ಲಿ ತೀರ್ಪನ್ನು ಓದಿದಾಗ ಆನ್ ಎದ್ದು ಬಾಗಿಲ ಕಡೆಗೆ ನಡೆದಳು. ಆಗ ತಾರುಣ್ಯದಲ್ಲಿದ್ದ ಮೇರಿ ತನ್ನ ಸ್ಥಳದಿಂದೆದ್ದು, ಆಕೆಯ ಕೈಯನ್ನು ಹಿಡಿದು, ಜೊತೆಯಾಗಿ ಹೊರನಡೆದಳು. ಬಹಿಷ್ಕೃತಳ ಕೈ ಹಿಡಿಯುವುದೆಂದರೆ ಆ ಸಮಾಜದಲ್ಲಿ ಸಾಮಾನ್ಯ ಧೈರ್ಯದ ಮಾತಲ್ಲ.

ಆ ಧೈರ್ಯಕ್ಕೆ ತೆತ್ತ ಬೆಲೆ ಕ್ರೂರವಾಗಿತ್ತು. ಐದು ತಿಂಗಳ ಹಿಂದೆ, 1637ರ ಅಕ್ಟೋಬರಿನಲ್ಲಿ ಮೇರಿ ಒಂದು ಸತ್ತ ಶಿಶುವನ್ನು ಹೆತ್ತಿದ್ದಳು. ಅಂಗಾಂಗಗಳು ಸರಿಯಾಗಿ ಬೆಳೆಯದಿದ್ದ ಆ ಶಿಶುವನ್ನು ಹೆರಿಗೆಗೆ ನೆರವಾಗಿದ್ದ ಆನ್ ಮತ್ತು ಸೂಲಗಿತ್ತಿ ಗುಟ್ಟಾಗಿ ಹೂಳಿಸಿದ್ದರು. ಸಂಗತಿ ಈಗ ಹೊರಬಿತ್ತು. ಗವರ್ನರನಾಗಿದ್ದ ವಿಂತ್ರಾಪ್ ಆ ಪುಟ್ಟ ಶವವನ್ನು ಹೊರತೆಗೆಸಿ ಪರೀಕ್ಷಿಸಿದನು. ಪಾಷಂಡ ಮತವನ್ನು ಹಿಡಿದ ತಾಯಿಗೆ ದೇವರು ಕೊಟ್ಟ ಶಿಕ್ಷೆಯ ಕುರುಹು ಇದೆಂದು ಸಾರಿದನು. ಆ ವರ್ಣನೆ ಲಂಡನ್ನಿನಲ್ಲಿ ಅಚ್ಚಾಗಿ ದೇಶದೇಶಗಳಲ್ಲಿ ಹರಡಿತು. ಗರ್ಭದಲ್ಲಿ ಶಿಶುವಿನ ಮೆದುಳೂ ತಲೆಬುರುಡೆಯೂ ಪೂರ್ಣವಾಗಿ ರೂಪುಗೊಳ್ಳದೆ ಉಂಟಾಗುವ ಸಹಜ ದೋಷವಿದು ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಬಲ್ಲದು. ಒಬ್ಬ ತಾಯಿಯ ದುಃಖವನ್ನು ವಾದದ ಅಸ್ತ್ರವನ್ನಾಗಿ ಮಾಡಿಕೊಂಡವರು ಅದನ್ನು ಅರಿಯದವರಾಗಿದ್ದರು.

ಅದೇ ವರ್ಷ ಡೈಯರ್ ಕುಟುಂಬ ದಕ್ಷಿಣದ ರೋಡ್ ಐಲೆಂಡಿಗೆ ಹೋಗಿ ನೆಲೆಸಿತು. ಮ್ಯಾಸಚೂಸೆಟ್ಸಿನಿಂದ ಹೊರದೂಡಲ್ಪಟ್ಟ ರೋಜರ್ ವಿಲಿಯಮ್ಸ್ ಆ ಪ್ರದೇಶದಲ್ಲಿ, ನಂಬಿಕೆಯ ವಿಷಯದಲ್ಲಿ ಸರ್ಕಾರ ಕೈಹಾಕಬಾರದೆಂಬ ತತ್ತ್ವದ ಮೇಲೆ ಮೊದಲ ವಸತಿಯನ್ನು ಕಟ್ಟಿದ್ದನು. ವಿಲಿಯಂ ಡೈಯರ್ ಪೋರ್ಟ್ಸ್‌ಮತ್ ಮತ್ತು ನ್ಯೂಪೋರ್ಟ್ ಪಟ್ಟಣಗಳ ಸ್ಥಾಪಕರಲ್ಲಿ ಒಬ್ಬನಾದನು. ಸಾರ್ವಜನಿಕ ಹುದ್ದೆಗಳನ್ನೂ ನಿರ್ವಹಿಸಿದನು.

ಅಂತರ್ಜ್ಯೋತಿಯ ಮಾರ್ಗ

ಸುಮಾರು 1652ರಲ್ಲಿ ಮೇರಿ ಇಂಗ್ಲೆಂಡಿಗೆ ತೆರಳಿ ಐದು ವರ್ಷಗಳಷ್ಟು ಕಾಲ ಅಲ್ಲಿಯೇ ಉಳಿದಳು. ಜಾರ್ಜ್ ಫಾಕ್ಸ್ ಎಂಬ ಧಾರ್ಮಿಕ ಪುರುಷ ಆ ದಿನಗಳಲ್ಲಿ ಅಲ್ಲಿ ಒಂದು ಹೊಸ ಮಾರ್ಗವನ್ನು ಬೋಧಿಸುತ್ತಿದ್ದನು. ಪ್ರತಿಯೊಬ್ಬ ಮನುಷ್ಯನ ಒಳಗೂ ದೈವದ ಬೆಳಕೊಂದುಂಟು. ಅದನ್ನು ಕಾಣಲು ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ ಎಂಬುದು ಆ ಬೋಧೆಯ ತಿರುಳು. ಅನುಯಾಯಿಗಳು ತಮ್ಮನ್ನು ‘ಮಿತ್ರರು’ ಎಂದು ಕರೆದುಕೊಂಡರು. ‘ಕ್ವೇಕರ್’ ಎಂದರೆ ನಡುಗುವವನು ಎಂದರ್ಥ. ಇತರರು ಹಾಸ್ಯಕ್ಕಾಗಿ ಇಟ್ಟ ಆ ಹೆಸರೇ ಕಡೆಗೆ ಉಳಿಯಿತು.

ಕ್ವೇಕರರ ಸಭೆಗಳಲ್ಲಿ ಎಲ್ಲರೂ ಮೌನವಾಗಿ ಕುಳಿತಿರುತ್ತಿದ್ದರು. ಒಳಗಿನ ಪ್ರೇರಣೆಯಾದವರು ಎದ್ದು ಮಾತನಾಡುತ್ತಿದ್ದರು. ಹೆಣ್ಣು ಗಂಡು ಎಂಬ ಭೇದ ಅಲ್ಲಿರಲಿಲ್ಲ. ಅವರು ನ್ಯಾಯಾಲಯದಲ್ಲಿ ಆಣೆ ಇಡುತ್ತಿರಲಿಲ್ಲ. ಸದಾ ಸತ್ಯವನ್ನೇ ನುಡಿಯಬೇಕಾದವನಿಗೆ ಪ್ರತ್ಯೇಕವಾದ ಆಣೆಯೇಕೆ ಎಂಬುದು ಅವರ ಪ್ರಶ್ನೆ. ಅಧಿಕಾರಿಗಳೆದುರು ಟೋಪಿ ತೆಗೆಯುತ್ತಿರಲಿಲ್ಲ. ಅಂದಿನ ಇಂಗ್ಲಿಷ್ ನುಡಿಯಲ್ಲಿಯೂ ನಮ್ಮ ಕನ್ನಡದಲ್ಲಿರುವಂತೆ ಕಿರಿಯರಿಗೆ ಏಕವಚನ, ಹಿರಿಯರಿಗೆ ಬಹುವಚನ ಎಂಬ ಮರ್ಯಾದೆಯ ವ್ಯತ್ಯಾಸವಿತ್ತು. ಕ್ವೇಕರರು ನ್ಯಾಯಾಧೀಶನನ್ನೂ ಏಕವಚನದಿಂದಲೇ ಸಂಬೋಧಿಸಿದರು. ಇದು ಎಂಥ ಕೋಲಾಹಲವನ್ನೆಬ್ಬಿಸಿರಬಹುದೆಂಬುದನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಆನ್ ಹಚಿನ್ಸನ್‌ಳ ಮನೆಯಲ್ಲಿ ತಾನು ಕೇಳಿದ್ದ ಮಾತಿನ ಮುಂದುವರಿಕೆಯನ್ನು ಮೇರಿ ಇಲ್ಲಿ ಕಂಡಿರಬೇಕು. ಆಕೆ ಕ್ವೇಕರಳಾದಳು.

ಕಾನೂನು ಬಿಗಿಯಾದ ಬಗೆ

1656ರ ಜುಲೈಯಲ್ಲಿ ಮೇರಿ ಫಿಶರ್ ಮತ್ತು ಆನ್ ಆಸ್ಟಿನ್ ಎಂಬ ಇಬ್ಬರು ಕ್ವೇಕರ್ ಮಹಿಳೆಯರು ಬಾರ್ಬಡೋಸ್ ದ್ವೀಪದಿಂದ ಬಾಸ್ಟನ್ನಿಗೆ ಬಂದಿಳಿದರು. ಅವರ ಪುಸ್ತಕಗಳನ್ನು ಸುಡಲಾಯಿತು. ಮಾಟಗಾತಿಯರ ಗುರುತು ಇದೆಯೇ ಎಂದು ಅವರನ್ನು ವಿವಸ್ತ್ರಗೊಳಿಸಿ ಪರೀಕ್ಷಿಸಲಾಯಿತು. ಯಾರೊಡನೆಯೂ ಮಾತನಾಡದಂತೆ ಸೆರೆಮನೆಯ ಕಿಟಕಿಗೆ ಹಲಗೆ ಹೊಡೆಯಲಾಯಿತು. ಐದು ವಾರಗಳ ಅನಂತರ ಅವರನ್ನು ಹಡಗು ಹತ್ತಿಸಿ ಹಿಂದಕ್ಕೆ ಕಳುಹಿಸಿದರು. ಸೆರೆಯಲ್ಲಿದ್ದ ಅವರಿಗೆ ಊಟ ದೊರೆಯುವಂತೆ ಕಾವಲುಗಾರನಿಗೆ ಹಣ ಕೊಟ್ಟವನು ನಿಕೊಲಸ್ ಅಪ್ಸಲ್ ಎಂಬ ಮುದುಕ. ಮುಂದೆ ಅವನೂ ಗಡೀಪಾರಾದನು.

ಆ ಅಕ್ಟೋಬರಿನಲ್ಲಿಯೇ ಕ್ವೇಕರರ ವಿರುದ್ಧ ಮೊದಲ ಕಾನೂನು ಬಂದಿತು. ಅವರನ್ನು ತರುವ ಹಡಗಿನ ಒಡೆಯನಿಗೆ 100 ಪೌಂಡ್ ದಂಡ. ಬಂದವರಿಗೆ ಚಾವಟಿಯೇಟು ಮತ್ತು ಸೆರೆ. ಅದು ಸಾಲದೆ ಹೋಗಿ 1657ರಲ್ಲಿ ಕಿವಿ ಕತ್ತರಿಸುವ, ಕಾದ ಕಬ್ಬಿಣದಿಂದ ನಾಲಗೆಯನ್ನು ತೂತುಮಾಡುವ ಶಿಕ್ಷೆಗಳು ಸೇರಿದವು. 1658ರಲ್ಲಿ ಮೂವರ ಬಲಗಿವಿಗಳನ್ನು ಕತ್ತರಿಸಿದ್ದೂ ಆಯಿತು. ಆದರೂ ಅವರು ಬರುವುದು ನಿಲ್ಲಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ, ಗಡೀಪಾರಾದ ಕ್ವೇಕರನು ಹಿಂದಿರುಗಿದರೆ ಮರಣದಂಡನೆ ಎಂಬ ಶಾಸನ ಪ್ರತಿನಿಧಿಗಳ ಸಭೆಯಲ್ಲಿ ಒಂದೇ ಒಂದು ಮತದ ಬಹುಮತದಿಂದ ಅಂಗೀಕಾರವಾಯಿತು. ಆ ಒಂದು ಮತದ ಅಂತರವು ಗಮನಾರ್ಹವಾದುದು. ಸಭೆಯಲ್ಲಿ ಸುಮಾರು ಅರ್ಧದಷ್ಟು ಜನರ ಮನಸ್ಸು ಹಿಂದೆಗೆದಿತ್ತು. ಆದರೂ ಕಾನೂನು ಕಾನೂನೇ ಆಯಿತು.

ಇದೇ ವೇಳೆಯಲ್ಲಿ ರೋಡ್ ಐಲೆಂಡಿನವರು ನಡೆದುಕೊಂಡ ರೀತಿಯನ್ನು ಹೋಲಿಸಿ ನೋಡಬೇಕು. ಕ್ವೇಕರರನ್ನು ಹೊರಗಟ್ಟಬೇಕೆಂದು 1657ರಲ್ಲಿ ನೆರೆಯ ವಸಾಹತುಗಳು ಒಟ್ಟಾಗಿ ಅವರನ್ನು ಒತ್ತಾಯಿಸಿದವು. ಮಾತಿಗಾಗಿ ಯಾರನ್ನೂ ಶಿಕ್ಷಿಸುವ ಕಾನೂನು ತಮ್ಮಲ್ಲಿಲ್ಲವೆಂದು ಅವರು ಉತ್ತರ ಬರೆದರು. ಜೊತೆಗೆ ಒಂದು ಅನುಭವದ ಮಾತನ್ನೂ ಸೇರಿಸಿದರು: ಎಲ್ಲಿ ವಿರೋಧವಿಲ್ಲವೋ ಅಲ್ಲಿಗೆ ಬರಲು ಈ ಜನರಿಗೆ ಅಷ್ಟು ಆಸಕ್ತಿಯಿಲ್ಲ, ಪೀಡೆಯೇ ಇವರಿಗೆ ಅನುಯಾಯಿಗಳನ್ನು ಗಳಿಸಿಕೊಡುತ್ತದೆ. ಚಾವಟಿಯಿಂದ ಆಗದ ಕೆಲಸ ಸಹನೆಯಿಂದ ಆಗುತ್ತಿತ್ತೆಂಬುದಕ್ಕೆ ನೆರೆಯಲ್ಲಿಯೇ ದೃಷ್ಟಾಂತವಿತ್ತು. ಬಾಸ್ಟನ್ನಿನ ಹಿರಿಯರು ಅದನ್ನು ಕಾಣಲಿಲ್ಲ.

ಮೊದಲ ಸಲ ನೇಣಿನ ಕೆಳಗೆ

1657ರಲ್ಲಿ ಇಂಗ್ಲೆಂಡಿನಿಂದ ಮರಳಿದ ಮೇರಿಯ ಹಡಗು ಬಾಸ್ಟನ್ನಿಗೆ ಬಂದಿತು. ಹೊಸ ಕಾನೂನಿನಂತೆ ಅಲ್ಲಿಯೇ ಆಕೆಯನ್ನು ಬಂಧಿಸಿದರು. ಸುದ್ದಿ ತಿಳಿದು ಧಾವಿಸಿ ಬಂದ ಪತಿಯು, ದಾರಿಯಲ್ಲಿ ಆಕೆ ವಸಾಹತಿನ ಯಾವ ಊರಿನಲ್ಲಿಯೂ ತಂಗಲಾಗದು, ಯಾರೊಡನೆಯೂ ಮಾತನಾಡಲಾಗದು ಎಂಬ ಮುಚ್ಚಳಿಕೆಯನ್ನು ಬರೆದುಕೊಟ್ಟು ಮನೆಗೆ ಕರೆದೊಯ್ದನು.

1659ರ ಬೇಸಿಗೆಯಲ್ಲಿ ಲಂಡನ್ನಿನ ವ್ಯಾಪಾರಿ ವಿಲಿಯಂ ರಾಬಿನ್‌ಸನ್ ಮತ್ತು ಯಾರ್ಕ್‌ಶೈರಿನ ರೈತ ಮಾರ್ಮಡ್ಯೂಕ್ ಸ್ಟೀವನ್‌ಸನ್ ಎಂಬ ಇಬ್ಬರು ಕ್ವೇಕರರು ಬಾಸ್ಟನ್ನಿನಲ್ಲಿ ಸೆರೆಯಾದರು. ಅವರನ್ನು ಕಾಣಹೋದ ಮೇರಿಯೂ ಸೆರೆಯಾದಳು. ಸೆಪ್ಟೆಂಬರಿನಲ್ಲಿ ಮೂವರನ್ನೂ ಗಡೀಪಾರು ಮಾಡಿ, ಮರಳಿದರೆ ಮರಣವೆಂದು ಎಚ್ಚರಿಸಿ ಬಿಟ್ಟರು. ಮೇರಿ ಮನೆಗೆ ಹೋದಳು. ಅವರಿಬ್ಬರೂ ವಸಾಹತಿನಲ್ಲಿಯೇ ಉಳಿದು ಬೋಧಿಸಿದರು. ಅಕ್ಟೋಬರಿನಲ್ಲಿ ಮೇರಿ ಸೆರೆಯಲ್ಲಿದ್ದ ಇನ್ನೊಬ್ಬ ಮಿತ್ರನನ್ನು ನೋಡಲು ಮತ್ತೆ ಬಾಸ್ಟನ್ನಿಗೆ ಬಂದಳು. ಗವರ್ನರ್ ಜಾನ್ ಎಂಡಿಕಾಟ್ ಮೂವರಿಗೂ ಮರಣದಂಡನೆಯನ್ನು ವಿಧಿಸಿದನು. ದೇವರ ಇಚ್ಛೆ ನೆರವೇರಲಿ ಎಂದಷ್ಟೇ ಆಕೆ ಉತ್ತರವಿತ್ತಳು.

ಅಕ್ಟೋಬರ್ 27. ಆಕೆಯ ವಿವಾಹವಾಗಿ ಅಂದಿಗೆ ಸರಿಯಾಗಿ ಇಪ್ಪತ್ತಾರು ವರ್ಷ. ನೂರು ಮಂದಿ ಸಿಪಾಯಿಗಳ ಕಾವಲಿನಲ್ಲಿ ಮೂವರನ್ನೂ ನಡೆಸಿಕೊಂಡು ಹೋದರು. ಅವರು ಜನರೊಡನೆ ಆಡುವ ಮಾತು ಯಾರಿಗೂ ಕೇಳಿಸದಿರಲೆಂದು ಡೋಲುಗಳನ್ನು ಬಾರಿಸಲಾಯಿತು. ಇಬ್ಬರು ತರುಣರ ನಡುವೆ, ಅವರ ಕೈಗಳನ್ನು ಹಿಡಿದು, ಮೇರಿ ನಡೆದಳು. ಅವಳ ಕಣ್ಣೆದುರಿನಲ್ಲಿಯೇ ಅವರಿಬ್ಬರನ್ನೂ ನೇಣಿಗೆ ಹಾಕಿದರು. ಬಳಿಕ ಆಕೆಯ ಕೈಕಾಲುಗಳನ್ನು ಕಟ್ಟಿದರು. ಕೊರಳಿಗೆ ಹಗ್ಗ ಹಾಕಿದರು. ಆಕೆಯ ಮುಖವನ್ನು ಮುಚ್ಚಲು ತನ್ನ ಕರವಸ್ತ್ರವನ್ನು ಕೊಟ್ಟವನು ಬೋಧಕ ಜಾನ್ ವಿಲ್ಸನ್. ಇಪ್ಪತ್ನಾಲ್ಕು ವರ್ಷಗಳ ಹಿಂದೆ ಮೇರಿ ಚರ್ಚಿನ ಸದಸ್ಯಳಾದಾಗ ಅಲ್ಲಿಯ ಗುರುವಾಗಿದ್ದವನು ಅವನೇ.

ಆ ಕ್ಷಣದಲ್ಲಿ ಮರಣದಂಡನೆಯನ್ನು ತಡೆಹಿಡಿದ ಆಜ್ಞೆ ಬಂದಿತು. ಮಗ ವಿಲಿಯಂನ ಬೇಡಿಕೆಯ ಮೇರೆಗೆ ನ್ಯಾಯಸಭೆ ಇದನ್ನು ಮೊದಲೇ ನಿಶ್ಚಯಿಸಿತ್ತು. ಕೊರಳಿಗೆ ಹಗ್ಗ ಹಾಕಿ ನಿಲ್ಲಿಸಿ ಆಮೇಲೆ ಬಿಡಬೇಕೆಂಬುದೂ ಆ ನಿಶ್ಚಯದಲ್ಲಿಯೇ ಸೇರಿತ್ತು. ಭಯಪಡಿಸಿ ಓಡಿಸುವುದು ಅವರ ಉಪಾಯ. ಮರುದಿನ ಮೇರಿ ನ್ಯಾಯಸಭೆಗೆ ಪತ್ರ ಬರೆದಳು. ನಿರಪರಾಧಿಗಳನ್ನು ಕೊಂದ ಕೈಗಳಿಂದ ಜೀವದಾನವನ್ನು ಸ್ವೀಕರಿಸಲು ತನಗೆ ಮನಸ್ಸಿಲ್ಲವೆಂದೂ ಆ ಕಾನೂನನ್ನು ರದ್ದುಗೊಳಿಸುವುದೇ ತನ್ನ ಬೇಡಿಕೆಯೆಂದೂ ಅದರ ಭಾವ. ಆಕೆಯನ್ನು ಬಲವಂತದಿಂದ ಕುದುರೆಯ ಮೇಲೆ ಕುಳ್ಳಿರಿಸಿ ಗಡಿಯಾಚೆಗೆ ಕಳುಹಿಸಿದರು.

ಮರಳಿ ಬಂದದ್ದೇಕೆ?

ಆ ಚಳಿಗಾಲವನ್ನು ಮೇರಿ ಶೆಲ್ಟರ್ ಐಲೆಂಡ್ ಎಂಬ ದ್ವೀಪದಲ್ಲಿ ಕಳೆದಳು. ಪೀಡಿತ ಕ್ವೇಕರರಿಗೆ ಆಶ್ರಯವಿತ್ತ ಸಿಲ್ವೆಸ್ಟರ್ ಕುಟುಂಬದ ಎಸ್ಟೇಟು ಅಲ್ಲಿತ್ತು. ಆ ಎಸ್ಟೇಟು ಆಫ್ರಿಕದ ಗುಲಾಮರ ದುಡಿಮೆಯಿಂದ ನಡೆಯುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ. ನ್ಯಾಯದ ಅರಿವು ಮನುಷ್ಯರಿಗೆ ಒಮ್ಮೆಗೇ ಪೂರ್ಣವಾಗಿ ಉದಯಿಸುವುದಿಲ್ಲ. ಕ್ವೇಕರರಲ್ಲಿಯೇ ಗುಲಾಮಗಿರಿಯ ವಿರುದ್ಧ ಲಿಖಿತವಾದ ಪ್ರತಿಭಟನೆ ಪೆನ್ಸಿಲ್ವೇನಿಯದ ಜರ್ಮನ್‌ಟೌನಿನಲ್ಲಿ ಮೂಡಿದ್ದು 1688ರಲ್ಲಿ.

1660ರ ಮೇ 21ರಂದು ಮೇರಿ ಮತ್ತೆ ಬಾಸ್ಟನ್ನಿಗೆ ಬಂದಳು. ಪತಿಗೂ ಹೇಳಿರಲಿಲ್ಲ. ಆರು ತಿಂಗಳಿಗೂ ಮಿಕ್ಕಿ ಆಕೆಯ ಮುಖವನ್ನು ಕಾಣದಿದ್ದ ವಿಲಿಯಂ, ಮೇ 27ರಂದು ಎಂಡಿಕಾಟ್‌ನಿಗೆ ಬರೆದ ಪತ್ರ ಮನಕರಗಿಸುವಂಥದು. ಅವನು ಕ್ವೇಕರನಲ್ಲ, ಹೆಂಡತಿಯ ನಿರ್ಧಾರ ಅವನಿಗೆ ವಿವೇಕವಾಗಿಯೂ ಕಾಣಲಿಲ್ಲ. ನೀವೂ ಪತ್ನಿಯರುಳ್ಳವರು, ನನ್ನ ಪ್ರಿಯ ಪತ್ನಿಯನ್ನು ನನಗೆ ಉಳಿಸಿಕೊಡಿರಿ ಎಂದು ಅವನು ಕಣ್ಣೀರಿನಿಂದ ಬೇಡಿಕೊಂಡನು.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪತಿಯಿದ್ದಾನೆ, ಮಕ್ಕಳಿದ್ದಾರೆ, ನಿರ್ಭಯವಾಗಿ ಬಾಳಬಹುದಾದ ಊರಿದೆ; ಹೀಗಿರುವಾಗ ಸಾವನ್ನು ಅರಸಿ ಹೋಗುವುದು ಹಟವಲ್ಲವೇ? ನ್ಯಾಯಸಭೆಯವರ ಸಮರ್ಥನೆಯೂ ಇದೇ ಆಗಿತ್ತು. ತಾವು ಬಯಸಿದ್ದು ಇವರ ಸಾವನ್ನಲ್ಲ, ಇವರು ದೂರವಿರುವುದನ್ನು ಮಾತ್ರ. ಬೇಡವೆಂದರೂ ಬಂದು ಕತ್ತಿಯ ಮೇಲೆ ಬಿದ್ದವರು ಇವರೇ ಎಂದು ಅವರು ಪ್ರಕಟಣೆಯನ್ನೇ ಹೊರಡಿಸಿದ್ದರು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ತಾಯಿಯನ್ನು ಕಳೆದುಕೊಂಡ ಮಕ್ಕಳ ಕಡೆಯಿಂದ ನೋಡಿದರೆ ಅದಕ್ಕೆ ತೂಕವುಂಟು.

ಆದರೆ ಮೇರಿಯ ಉತ್ತರ ಸ್ಪಷ್ಟವಾಗಿತ್ತು. ತಾನು ಬಂದದ್ದು ಸಾಯುವುದಕ್ಕಲ್ಲ, ಆ ಅನ್ಯಾಯದ ಶಾಸನವನ್ನು ಹಿಂತೆಗೆದುಕೊಳ್ಳಿರೆಂದು ಬೇಡುವುದಕ್ಕೆ ಎಂದು ಆಕೆ ನ್ಯಾಯಸಭೆಯ ಮುಂದೆ ನುಡಿದಳು. ಯಾರೂ ಎದುರಿಗೆ ಬರದಿದ್ದರೆ ಆ ಕಾನೂನು ಪುಸ್ತಕದಲ್ಲಿ ಸದ್ದಿಲ್ಲದೆ ಉಳಿಯುತ್ತಿತ್ತು. ಅದನ್ನು ರಚಿಸಿದವರು ತಮ್ಮನ್ನು ದಯಾಳುಗಳೆಂದೇ ಭಾವಿಸಿಕೊಂಡಿರುತ್ತಿದ್ದರು. ಆ ಅಕ್ಷರಗಳ ಅರ್ಥವೇನೆಂಬುದನ್ನು ಬರೆದವರ ಕಣ್ಣಿಗೇ ಕಾಣಿಸಬೇಕೆಂದು ಆಕೆ ಬಂದಳು. ಎಂದೂ ಆಯುಧವನ್ನು ಹಿಡಿಯಲಿಲ್ಲ, ತಪ್ಪಿಸಿಕೊಳ್ಳಲು ಯತ್ನಿಸಲಿಲ್ಲ.

ಜೂನ್ 1ರಂದು ಮತ್ತೆ ಡೋಲುಗಳು ಮೊಳಗಿದವು. ಊರಿಗೆ ಹಿಂದಿರುಗಿ ಹೋಗುವುದಾದರೆ ಈಗಲೂ ಬಿಡುತ್ತೇವೆಂದು ನೇಣಿನ ಏಣಿಯ ಮೇಲಿದ್ದ ಆಕೆಗೆ ಹೇಳಿದರು. ದೇವರ ಇಚ್ಛೆಗೆ ವಿಧೇಯಳಾಗಿ ಬಂದಿದ್ದೇನೆ, ಮರಣದವರೆಗೂ ಅದರಲ್ಲಿ ನಿಲ್ಲುತ್ತೇನೆ ಎಂಬ ಭಾವದ ಮಾತನ್ನಾಡಿ ಆಕೆ ಪ್ರಾಣವನ್ನೊಪ್ಪಿಸಿದಳು. ಆಗ ಆಕೆಗೆ ಸುಮಾರು ಐವತ್ತು ವರ್ಷ.

ಸಾವಿನ ಅನಂತರ

1661ರ ಮಾರ್ಚಿನಲ್ಲಿ ವಿಲಿಯಂ ಲೆಡ್ರಾ ಎಂಬ ನಾಲ್ಕನೆಯ ಕ್ವೇಕರನೂ ನೇಣಿಗೇರಿದನು. ಈ ಸುದ್ದಿಗಳು ಲಂಡನ್ನನ್ನು ಮುಟ್ಟಿದಾಗ ಎಡ್ವರ್ಡ್ ಬರೋ ಎಂಬ ಕ್ವೇಕರನು ದೊರೆ ಎರಡನೆಯ ಚಾರ್ಲ್ಸ್‌ನನ್ನು ಕಂಡು, ನಿರಪರಾಧಿಗಳ ರಕ್ತ ಹರಿಯುತ್ತಿದೆ ಎಂದು ಮೊರೆಯಿಟ್ಟನು. ಮರಣದಂಡನೆಗಳನ್ನು ನಿಲ್ಲಿಸಬೇಕೆಂಬ ರಾಜಾಜ್ಞೆ ಹೊರಟಿತು. ಅದನ್ನು ಬಾಸ್ಟನ್ನಿಗೆ ಕೊಂಡೊಯ್ದವನು ಸ್ಯಾಮ್ಯುಯೆಲ್ ಶಾಟಕ್. ಮರಳಿದರೆ ಮರಣವೆಂಬ ಶಿಕ್ಷೆಗೆ ಗುರಿಯಾಗಿ ಗಡೀಪಾರಾಗಿದ್ದ ಕ್ವೇಕರ್ ಅವನು. ಎಂಡಿಕಾಟ್ ಅವನಿಂದಲೇ ಆಜ್ಞೆಯನ್ನು ಸ್ವೀಕರಿಸಬೇಕಾಯಿತು.

ಅಷ್ಟಕ್ಕೇ ಪೀಡೆ ಮುಗಿಯಲಿಲ್ಲ. ಕ್ವೇಕರರನ್ನು ಗಾಡಿಯ ಹಿಂಬದಿಗೆ ಕಟ್ಟಿ ಊರಿಂದೂರಿಗೆ ಚಾವಟಿಯಿಂದ ಹೊಡೆಯುತ್ತ ಗಡಿಯವರೆಗೆ ಸಾಗಿಸುವ ಕ್ರಮ ಕೆಲಕಾಲ ಮುಂದುವರಿಯಿತು. ಆದರೆ ನಂಬಿಕೆಯ ಭೇದಕ್ಕಾಗಿ ನೇಣುಹಾಕುವ ಕಾಲ ಅಲ್ಲಿಗೆ ಮುಗಿಯಿತು. 1663ರಲ್ಲಿ ಅದೇ ದೊರೆ ರೋಡ್ ಐಲೆಂಡಿಗೆ ಇತ್ತ ಸನ್ನದು, ಧರ್ಮದ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ಯಾರನ್ನೂ ಆ ಕಾರಣಕ್ಕಾಗಿ ದಂಡಿಸಬಾರದೆಂದು ಸ್ಪಷ್ಟವಾಗಿ ವಿಧಿಸಿತು. ಆ ಸನ್ನದಿನಲ್ಲಿ ಹೆಸರಿಸಲ್ಪಟ್ಟವರಲ್ಲಿ ಮೇರಿಯ ಪತಿ ವಿಲಿಯಂ ಡೈಯರ್ ಒಬ್ಬನು. ಕಣ್ಣೀರಿನ ಪತ್ರ ಬರೆದ ಮೂರೇ ವರ್ಷಗಳಲ್ಲಿ ಅವನ ಹೆಸರು ಇಂಥ ದಾಖಲೆಯಲ್ಲಿ ಸೇರಿತು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಮಾಡಿದ ಮೊದಲ ತಿದ್ದುಪಡಿಯು ಮತಸ್ವಾತಂತ್ರ್ಯವನ್ನು ಇಡೀ ರಾಷ್ಟ್ರದ ತತ್ತ್ವವನ್ನಾಗಿ ಮಾಡಿತು.

ಉಪಸಂಹಾರ

ಮೇರಿ ಡೈಯರಳ ಚರಿತ್ರೆಯನ್ನು ಒಬ್ಬ ವೀರಮಹಿಳೆಯ ಕಥೆಯೆಂದು ಮಾತ್ರ ಹೇಳಿ ಮುಗಿಸಿದರೆ ನಮ್ಮ ವಿದ್ಯಾರ್ಥಿಗಳು ಆಕೆಯನ್ನು ಮೆಚ್ಚಿ ಸುಮ್ಮನಾಗುತ್ತಾರೆ. ಅವರು ಪರಿಶೀಲಿಸಬೇಕಾದುದು ನ್ಯಾಯಪೀಠದಲ್ಲಿ ಕುಳಿತಿದ್ದವರನ್ನೂ ಹೌದು. ಅವರು ಸ್ವತಃ ಪೀಡೆಯನ್ನುಂಡವರು, ದೈವಭಕ್ತರು, ಶಾಲೆ ಕಾಲೇಜುಗಳನ್ನು ಕಟ್ಟಿದವರು. ತಾವು ಪಟ್ಟ ಕಷ್ಟ ಅವರಿಗೆ ಸಹನೆಯನ್ನು ಕಲಿಸಲಿಲ್ಲ. ತಮಗೆ ಬೇಕೆಂದು ಸಾಗರ ದಾಟಿ ತಂದ ಸ್ವಾತಂತ್ರ್ಯವನ್ನು ತಮ್ಮನ್ನೊಪ್ಪದವರಿಗೂ ಕೊಡಬೇಕಾಗುತ್ತದೆ ಎಂಬುದನ್ನು ಅವರು ಅರಿಯಲಿಲ್ಲ. ತನಗೆ ಮಾತ್ರ ಎಂದು ಇಟ್ಟುಕೊಂಡ ಸ್ವಾತಂತ್ರ್ಯವು ಅಧಿಕಾರವಾಗಿ ಮಾರ್ಪಡಲು ಒಂದು ತಲೆಮಾರು ಸಾಕು. ವಿದ್ಯೆಯನ್ನೂ ಸದಾಚಾರವನ್ನೂ ಕಲಿಸುವ ನಾವೆಲ್ಲರೂ ಈ ಮಾತನ್ನು ಮೊದಲು ನಮ್ಮ ಮನಸ್ಸಿಗೆ ಹೇಳಿಕೊಳ್ಳುವುದು ಒಳಿತು.

ಬಾಸ್ಟನ್ನಿನ ಶಾಸನಸಭಾ ಭವನದ ಮುಂದೆ ಇಂದು ಮೇರಿ ಡೈಯರಳ ಕಂಚಿನ ಪ್ರತಿಮೆಯಿದೆ. ಆಕೆಯ ವಂಶದವನೊಬ್ಬನು ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ 1959ರಲ್ಲಿ, ಆಕೆ ಮೊದಲ ಸಲ ನೇಣಿನ ಕೆಳಗೆ ನಿಂತು ಮುನ್ನೂರು ವರ್ಷ ತುಂಬಿದಾಗ, ಅದು ಸ್ಥಾಪಿತವಾಯಿತು. ಅದನ್ನು ನಿರ್ಮಿಸಿದ ಶಿಲ್ಪಿ ಸಿಲ್ವಿಯ ಶಾ ಜಡ್ಸನ್ ಕೂಡ ಕ್ವೇಕರ್ ಪಂಥದ ಮಹಿಳೆ. ಮೌನಸಭೆಯಲ್ಲಿ ಕುಳಿತಿರುವಂತೆ, ತಲೆಯನ್ನು ತುಸು ಬಾಗಿಸಿ, ಕೈಗಳನ್ನು ಮಡಿಲಲ್ಲಿ ಇರಿಸಿಕೊಂಡು ಆಕೆ ಅಲ್ಲಿ ಕುಳಿತಿದ್ದಾಳೆ. ಆಕೆಗೆ ಮರಣದಂಡನೆ ವಿಧಿಸಿದ ಸಭೆಯ ಹೆಸರು ಜನರಲ್ ಕೋರ್ಟ್. ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಗೆ ಇಂದಿಗೂ ಅದೇ ಹೆಸರಿದೆ. ಶಾಸನಗಳನ್ನು ರಚಿಸುವ ಆ ಭವನದ ಅಂಗಳದಲ್ಲಿ, ಅದರ ಶಾಸನವೊಂದಕ್ಕೆ ಬಲಿಯಾದವಳು ಶಾಂತಳಾಗಿ ಕುಳಿತಿದ್ದಾಳೆ.